ಊರಿನ ಸುದ್ದಿ ಯಾರ ಫೋನಿನಲ್ಲಿದೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಬೆಳಗಾಗುವಷ್ಟರಲ್ಲಿ ಕೊಪ್ಪಳ, ಗಂಗಾವತಿ ಕಡೆಯ ಮೊಬೈಲುಗಳ ತುಂಬ ಹೊಳೆಯ ನೀರೇ ನೀರು. ಟೀವಿಯವರು ಬರುವ ಮೊದಲೇ ನಮ್ಮ ಹುಡುಗರು ಲೈವ್ ಬಂದಿದ್ದರು. ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಹಚ್ಚಿದ ರೈತರಿಗೆ ಆ ವಾರವೆಲ್ಲ ಫೋನೇ ಉಸಿರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿದ್ದನ್ನೂ ಜನ ಫೋನಿನಲ್ಲೇ ನೋಡಿ ನಿಟ್ಟುಸಿರುಬಿಟ್ಟರು. ಮೈಕಿಗೊಂದು ಚಾನೆಲ್ಲಿನ ಹೆಸರು ಅಂಟಿಸಿಕೊಂಡು ಓಡಾಡುವ ಈ ಹುಡುಗರ ಬಗ್ಗೆ ನನಗೆ ನಿಜವಾಗಿಯೂ ಅಭಿಮಾನವಿದೆ. ಕುಷ್ಟಗಿಯ ಹಳ್ಳಿಯೊಂದರ ಕುಡಿಯುವ ನೀರಿನ ತಾಪತ್ರಯ ಬೆಂಗಳೂರಿನ ಪತ್ರಿಕೆಯ ಮುಖಪುಟಕ್ಕೆ ಯಾವಾಗ ಬಂದೀತು?

ಆದರೆ ಇವತ್ತು ಆ ವಾರದ ಕತೆ ಬರೆಯಲು ಕೂತರೆ ಕೈಗೆ ಏನೂ ಸಿಗುವುದಿಲ್ಲ. ನನ್ನ ವಾಟ್ಸಾಪಿನಲ್ಲಿ ಉಳಿದ ವಿಡಿಯೊಗಳಿಗೆ ತೆಗೆದವರ ಹೆಸರಿಲ್ಲ, ತಾರೀಕಿಲ್ಲ. ಯಾವುದು ಆ ದಿನದ್ದು, ಯಾವುದು ಹಿಂದಿನ ಯಾವುದೋ ಮಳೆಗಾಲದ್ದು ಎಂದು ಹೇಳಲಾಗದು. ಸ್ಥಳೀಯ ಪತ್ರಿಕೆಯ ಪಿಡಿಎಫ್ ಇದೆಯಲ್ಲ ಎನ್ನಬಹುದು. ಅದೂ ಎಷ್ಟೋ ಸಲ ಹಳೆಯ ನುಡಿ ಫಾಂಟಿನಲ್ಲಿ ಕಂಪೋಸ್ ಆದದ್ದು. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಉದುರುತ್ತದೆ. ಅಣೆಕಟ್ಟೆಯ ಪಕ್ಕದ ಊರು ‘ಮುನಿರಾಬಾದ್’ ಎಂದು ಗೂಗಲ್ಲಿಗೆ ಕೊಟ್ಟರೆ ಅಂಥ ಪುಟ ಸಿಗುವುದಾದರೂ ಹೇಗೆ?

ಹುಡುಕಿದರೆ ಸಿಗುವಂತೆ ಕನ್ನಡ ಬರೆದಿಟ್ಟ ಬ್ಲಾಗಿನ ಕಾಲ ನೆನಪಾಗುವುದು ಇದಕ್ಕೇ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು, ಆಮೇಲೆ ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬಳಕೆಗೆ ಬಂತು. 2005ರಲ್ಲಿ ಹರಿಪ್ರಸಾದ್ ನಾಡಿಗರು ‘ಸಂಪದ’ ಜಾಲತಾಣ ಕಟ್ಟಿದರು. ‘ಅವಧಿ’, ‘ಕೆಂಡಸಂಪಿಗೆ’ಯಂಥ ತಾಣಗಳು ಬಂದವು. ಪತ್ರಿಕೆಯ ಸಂಪಾದಕರ ಹಂಗಿಲ್ಲದೆ ಮೇಷ್ಟ್ರು, ಬ್ಯಾಂಕಿನವರು, ಗೃಹಿಣಿಯರು ಬರೆದರು. ಒಂದು ಲೇಖನಕ್ಕೆ ಇಪ್ಪತ್ತು ಸಾಲಿನ ಪ್ರತಿಕ್ರಿಯೆ, ಅದಕ್ಕೆ ಲೇಖಕರ ಉತ್ತರ, ನಡುವೆ ಮೂರನೆಯವರ ತಿದ್ದುಪಡಿ. ಈಗಿನ ಹೆಬ್ಬೆರಳಿನ ಚಿಹ್ನೆಯಲ್ಲಿ ಆ ಸುಖವಿಲ್ಲ. 2013ರಲ್ಲಿ ಗೂಗಲ್ ಬ್ಲಾಗುಗಳನ್ನು ಒಂದೇ ಕಡೆ ಓದಿಸುತ್ತಿದ್ದ ತನ್ನ ರೀಡರ್ ಮುಚ್ಚಿತು, 2016ರಲ್ಲಿ ಜಿಯೊ ಬಂತು, ಓದುತ್ತಿದ್ದವರು ನೋಡುವವರಾದರು. ಎಷ್ಟೋ ಬ್ಲಾಗುಗಳು ಕೊನೆಯ ಬರಹದ ತಾರೀಕು ಹೊತ್ತು ಹಾಗೇ ನಿಂತಿವೆ, ದುಡ್ಡು ಕಟ್ಟದೆ ಡೊಮೇನ್ ಹೋದ ಕೆಲವು ಪೂರ್ತಿ ಮಾಯವಾಗಿವೆ.

ನಮ್ಮ ಕೊಪ್ಪಳ ಜಿಲ್ಲೆಗೆ ಈ ನಷ್ಟ ಒಪ್ಪುವಂಥದ್ದಲ್ಲ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣದ, ಅಂದರೆ ಇಂದಿನ ಕೊಪ್ಪಳದ, ಹೆಸರು ಹೇಳುತ್ತದೆ. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಇನ್ನು ಇಟಗಿಯ ಮಹಾದೇವ ದೇವಾಲಯ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರಿಗೆ ಸೇರಿದೆ. ಅಲ್ಲಿನ ಶಾಸನದಿಂದಾಗಿಯೇ ಅದನ್ನು ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದನೆಂದು, ಆಗ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯನೆಂದು ಖಚಿತವಾಗಿ ಹೇಳುತ್ತೇವೆ. ಯಾರು, ಎಲ್ಲಿ, ಯಾವಾಗ ಎಂಬಷ್ಟನ್ನು ಕಲ್ಲಿಗೆ ಹಾಕಿದ್ದರಿಂದ ಒಂಬೈನೂರು ವರ್ಷದ ಮಾತು ಇನ್ನೂ ನಿಂತಿದೆ. ಅದೇ ಇವತ್ತು ನಮ್ಮ ಕಿನ್ನಾಳದ ಮರದ ಗೊಂಬೆಗೆ ಬಣ್ಣ ಹಚ್ಚುವ ರೀಲು ಲಕ್ಷ ಜನ ನೋಡಿರಬಹುದು. ಆ ಮರ ಯಾವುದು, ಹುಣಸೆಬೀಜದ ಸರಿಯನ್ನು ಹೇಗೆ ಕಾಯಿಸುತ್ತಾರೆ, ಮಾಡಿದವರು ಯಾರು ಎಂದು ಅದರ ಕೆಳಗೆ ನಾಲ್ಕು ಸಾಲು ಬರೆಯಲು ಯಾರಿಗೂ ಪುರುಸೊತ್ತಿಲ್ಲ.

ರೀಲು ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಗಂಗಾವತಿ ಪ್ರಾಣೇಶರ ನಗೆಮಾತು ಕ್ಯಾಸೆಟ್ಟಿನಿಂದ ಯೂಟ್ಯೂಬಿಗೆ ಬಂದಾಗ ಹೊರನಾಡಿನ ಕನ್ನಡಿಗರಿಗೂ ಉತ್ತರ ಕರ್ನಾಟಕದ ಮಾತು ಹತ್ತಿರವಾಯಿತು. ಅದು ಬರಹದಿಂದ ಆಗುವ ಕೆಲಸವಲ್ಲ. ಹಾಗೆಯೇ ಕಾಲುವೆಯ ಲೆಕ್ಕ, ಕೆರೆಯ ಒತ್ತುವರಿ, ಊರಿನ ಹಳೆಯ ವ್ಯಾಜ್ಯ ಇವೆಲ್ಲ ಮೂವತ್ತು ಸೆಕೆಂಡಿನಲ್ಲಿ ಮುಗಿಯುವಂಥವಲ್ಲ.

ಅದಕ್ಕೇ ಈ ಜಿಲ್ಲೆಯ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ: ವಿಡಿಯೊ ಮಾಡಿ, ಜೊತೆಗೆ ಯೂನಿಕೋಡಿನಲ್ಲಿ ಒಂದು ಪುಟ ಬರೆಯಿರಿ. ತಾರೀಕು ಹಾಕಿ, ಊರು ಹಾಕಿ, ನಿಮ್ಮ ಹೆಸರು ಹಾಕಿ. ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.