ಮಸ್ಕತ್ತಿನ ನಿಲುವಂಗಿ

ಬಟ್ಟೆಬರೆಯ ವಿಷಯದಲ್ಲಿ ಕನ್ನಡ ಮೇಷ್ಟ್ರುಗಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ಕೇಳದಿರುವುದೇ ಸರಿ. ಕಾಲೇಜಿನಲ್ಲಿ ಹದಿನೆಂಟು ವರ್ಷ ಪಾಠ ಹೇಳಿದ ನನ್ನ ಬಳಿ ಇದ್ದದ್ದು ಎರಡೇ ಬಗೆಯ ಉಡುಪು: ಇಸ್ತ್ರಿ ಮಾಡಿದ ಷರಟು ಷರಾಯಿ, ಇಸ್ತ್ರಿ ಮಾಡದ ಷರಟು ಷರಾಯಿ. ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನ ಪಂಚೆ ಉಟ್ಟು, ಶಲ್ಯ ಹೊದ್ದು, ನಾಡಿನ ಸಂಸ್ಕೃತಿಯನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿ, ಊಟದ ಹೊತ್ತಿಗೆ ಮನೆಗೆ ಬಂದು ಅದನ್ನು ಮಡಿಸಿ ಪೆಟ್ಟಿಗೆಗೆ ಸೇರಿಸುತ್ತಿದ್ದೆ. ಇಂಥವನು ಉಡುಪನ್ನು ಕುರಿತು ಬರೆಯಲು ಕೂತಿದ್ದಾನೆಂದರೆ ಅದಕ್ಕೆ ಮಸ್ಕತ್ತೇ ಕಾರಣ.

ನನ್ನ ಹೆಂಡತಿಗೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ. ಸಂಬಳವಿಲ್ಲದ ರಜೆ ಪಡೆದು, ಆರು ವರ್ಷದ ಮಗನ ಕೈಹಿಡಿದುಕೊಂಡು ನಾನು ಆಕೆಯ ಹಿಂದೆ ಬಂದು ಎರಡು ವರ್ಷವಾಯಿತು. ನನಗೆ ಕೊಟ್ಟಿರುವುದು ಕುಟುಂಬವನ್ನು ಸೇರಿಕೊಳ್ಳುವವರ ವೀಸಾ. ಗಂಡನಾದವನ ಈ ಅವಸ್ಥೆಗೆ ಹಳಗನ್ನಡದಲ್ಲಿ ಒಳ್ಳೆಯ ಪದವೊಂದಿರಬೇಕು, ಹುಡುಕುತ್ತಿದ್ದೇನೆ. ಕನ್ನಡ ಎಂ.ಎ. ಆದವನಿಗೆ ಅರಬ್ಬೀ ಸಮುದ್ರದ ಆಚೆ ದಡದಲ್ಲಿ ಕೆಲಸವೇನು? ಬೆಳಿಗ್ಗೆ ಹುಡುಗನನ್ನು ಶಾಲೆಯ ಬಸ್ಸು ಹತ್ತಿಸುವುದು, ಮಧ್ಯಾಹ್ನ ಇಳಿಸಿಕೊಳ್ಳುವುದು, ನಡುವೆ ಉಳಿದ ಹೊತ್ತಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ನೋಡುತ್ತ ಕೂರುವುದು.

ಮೊದಲು ಕಣ್ಣಿಗೆ ಬೀಳುವುದು ಬಿಳಿ. ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಕರಿಗಂದು ಬೆಟ್ಟಗಳು, ಮುಂದೆ ಕಡಲು, ನಡುವೆ ಸುಣ್ಣ ಬಳಿದಂಥ ತಗ್ಗು ಮನೆಗಳು. ಕಾರು ತೀರ ಕೊಳಕಾಗಿದ್ದರೆ ಪೊಲೀಸರು ದಂಡ ಹಾಕುತ್ತಾರೆ. (ಈ ಕಾನೂನು ನಮ್ಮೂರಿಗೆ ಬಂದರೆ ಪುರಸಭೆಯ ಸಾಲವೆಲ್ಲ ಒಂದೇ ವಾರದಲ್ಲಿ ತೀರೀತು.) ಈ ಬಿಳುಪಿನ ನಡುವೆ ಒಮಾನಿನ ಗಂಡಸರು ಬಿಳಿಯ ನಿಲುವಂಗಿ ತೊಟ್ಟು, ಅವಸರವೆಂಬುದು ಇತರರಿಗೆ ಇರುವ ರೋಗವೆಂಬಂತೆ ನಡೆದು ಹೋಗುತ್ತಾರೆ. ಆ ಅಂಗಿಯ ಹೆಸರು ದಿಶ್‌ದಾಶಾ. ಕಣಕಾಲು ಮುಟ್ಟುವ ಉದ್ದ, ಕಾಲರಿಲ್ಲ, ಕೊರಳ ಬಳಿ ಬೆರಳುದ್ದದ ಒಂದು ಕುಚ್ಚು. ಫುರಾಖಾ ಎಂಬ ಆ ಕುಚ್ಚಿಗೆ ಅತ್ತರು ಸವರಿಕೊಳ್ಳುತ್ತಾರೆ. ಒಮಾನಿಯೊಬ್ಬ ಲಿಫ್ಟಿನಿಂದ ಇಳಿದು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲಿಯೇ ಇರುತ್ತಾನೆ. ಪಕ್ಕದ ಎಮಿರೇಟ್ಸಿನವರ ಅಂಗಿಯಲ್ಲಿ ಈ ಕುಚ್ಚು ಇನ್ನೂ ಉದ್ದ; ಸೌದಿಯವರ ಅಂಗಿಗೆ ಕಾಲರುಂಟು. ದೂರದಿಂದ ಎಲ್ಲ ಒಂದೇ ಎನ್ನಿಸುವ ಈ ಬಿಳಿ ಅಂಗಿಗಳಲ್ಲಿ ಯಾವುದು ಯಾವ ದೇಶದ್ದೆಂದು ಇಲ್ಲಿಯ ಮಕ್ಕಳೂ ಹೇಳಬಲ್ಲರು.

ತಲೆಗೆ ಎರಡು ಬಗೆ. ಸಾಮಾನ್ಯ ಹೊತ್ತಿನಲ್ಲಿ ಕುಮ್ಮಾ ಎಂಬ ದುಂಡು ಟೋಪಿ. ಅದರ ಮೈತುಂಬ ಕಸೂತಿ; ಕಸೂತಿಯ ನಡುವೆ ಗಾಳಿಯಾಡಲು ಸೂಜಿಯಲ್ಲಿ ಕಟ್ಟಿದ ಕಿರುಗಣ್ಣುಗಳು. ಕೈಯಲ್ಲಿ ಹಾಕಿದ ಒಳ್ಳೆಯ ಕುಮ್ಮಾ ಮುಗಿಯಬೇಕಾದರೆ ವಾರಗಟ್ಟಲೆ ಹಿಡಿಯುತ್ತದೆ. ಕಚೇರಿಗೂ ಮದುವೆಗೂ ಮಸ್ಸಾರ್ ಎಂಬ ಪೇಟ. ಅದಕ್ಕೆ ಬೇಕಾದ ಮೇಲುತರದ ಉಣ್ಣೆಬಟ್ಟೆ ಬರುವುದು ನಮ್ಮ ಕಾಶ್ಮೀರದಿಂದ. ಸರ್ಕಾರಿ ನೌಕರನಾದ ಒಮಾನಿ ದಿಶ್‌ದಾಶಾ ತೊಟ್ಟೇ ಕೆಲಸಕ್ಕೆ ಹೋಗಬೇಕು. ಬ್ಯಾಂಕಿನಲ್ಲಿ ಗಣಕಯಂತ್ರದ ಮುಂದೆ ಕುಳಿತ ಇಪ್ಪತ್ತೈದರ ಹುಡುಗ ದಿನವೂ ಕನ್ನಡಿಯ ಮುಂದೆ ನಿಂತು ಪೇಟ ಸುತ್ತಿಕೊಂಡೇ ಬರುತ್ತಾನೆ. ನಮ್ಮ ಹಳೆಯ ಮೈಸೂರಿನ ಅಧ್ಯಾಪಕರೂ ಕಚ್ಚೆಪಂಚೆ, ಮುಚ್ಚುಕೋಟು, ಜರಿಪೇಟಗಳಲ್ಲಿಯೇ ತರಗತಿಗೆ ಹೋಗುತ್ತಿದ್ದರಷ್ಟೆ. ಈಗ ಮೈಸೂರು ಪೇಟವೆಂದರೆ ಸಭೆಯಲ್ಲಿ ಮುಖ್ಯ ಅತಿಥಿಯ ತಲೆಯ ಮೇಲಿಟ್ಟು, ಛಾಯಾಚಿತ್ರ ತೆಗೆದಾದೊಡನೆ ಇಳಿಸಿ ಮೇಜಿನ ಮೇಲಿಡುವ ಸಾಮಾನು.

ದಿಶ್‌ದಾಶಾದಲ್ಲಿ ಅಧಿಕಾರಿಯೂ ಅವನ ಕಾರಿನ ಚಾಲಕನೂ ಒಂದೇ ಬಗೆಯಾಗಿ ಕಾಣುತ್ತಾರೆ. ಇದನ್ನು ಮೊದಲ ತಿಂಗಳಲ್ಲಿ ಬಹಳ ಮೆಚ್ಚಿಕೊಂಡೆ, ಈಗಲೂ ಮೆಚ್ಚುತ್ತೇನೆ. ಕೈಗಡಿಯಾರವನ್ನೂ ಕಾಲಿನ ಮೆಟ್ಟನ್ನೂ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ, ನಿಜ. ಆದರೆ ಹಾಗೆ ನೋಡಬೇಕಾಗುತ್ತದೆ. ಅಂಗಿ ತಾನಾಗಿ ಚಾಡಿ ಹೇಳುವುದಿಲ್ಲ. ಅದು ಹೇಳುವುದು ಬೇರೊಂದನ್ನು. ಈ ದೇಶದ ಸುಮಾರು 50 ಲಕ್ಷ ಜನರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ನನ್ನಂತೆ ಹೊರಗಿನಿಂದ ಬಂದವರು. ಅವರು ದಿಶ್‌ದಾಶಾ ತೊಡುವ ವಾಡಿಕೆಯಿಲ್ಲ. ಹೀಗಾಗಿ ಇಲ್ಲಿ ಷರಾಯಿ ಎಂಬುದೇ ಪರದೇಶಿಯ ಗುರುತು. ಷರಾಯಿಗಿಂತ ಕೆಳಗೆ ಇನ್ನೊಂದು ಉಡುಪುಂಟು: ರಸ್ತೆ ಅಗೆಯುವವರ, ಕಟ್ಟಡ ಕಟ್ಟುವವರ ನೀಲಿ ಅಥವಾ ಕಿತ್ತಳೆ ಬಣ್ಣದ ಒಂದೇ ತುಂಡಿನ ಅಂಗಿಷರಾಯಿ. ಜೂನಿನಿಂದ ಆಗಸ್ಟಿನವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂದು ಇಲ್ಲಿ ನಿಯಮವಿದೆ. ಆಗ ಆ ಕಿತ್ತಳೆ ಬಣ್ಣದವರು ಸೇತುವೆಯ ನೆರಳಿನಲ್ಲಿ ಸಾಲಾಗಿ ಮಲಗಿರುತ್ತಾರೆ. ಅವರ ಊರುಗಳನ್ನು ವಿಚಾರಿಸಿದರೆ ನಮ್ಮ ಉಪಖಂಡದ ಭೂಗೋಳ ಪಾಠವೇ ಆಗುತ್ತದೆ.

ಆ ಬಿಳಿ ಅಂಗಿಗಳನ್ನು ಹೊಲಿಯುವವರೂ, ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುವವರೂ ಬಹುಪಾಲು ಷರಾಯಿಯವರೇ. ನಮ್ಮ ಬೀದಿಯ ಕೊನೆಯಲ್ಲಿ ಬಂಟವಾಳದ ಕಡೆಯ ಸಾಹೇಬರೊಬ್ಬರ ದರ್ಜಿ ಅಂಗಡಿಯಿದೆ. ಕನ್ನಡ ಕೇಳುವ ಆಸೆಯಿಂದ ನಾನು ಅಲ್ಲಿ ಹೋಗಿ ಕೂರುವುದುಂಟು. ಅವರು ದಿಶ್‌ದಾಶಾ ಹೊಲಿಯುತ್ತ 31 ವರ್ಷ ಕಳೆದಿದ್ದಾರೆ. ಗಿರಾಕಿ ಒಳಗೆ ಬರುತ್ತಿದ್ದಂತೆಯೇ ಭುಜದ ಅಳತೆಯನ್ನು ಕಣ್ಣಿನಲ್ಲಿಯೇ ಹಿಡಿಯುತ್ತಾರೆ. ಟೇಪು ಬರಿಯ ಮರ್ಯಾದೆಗೆ. ಒಳ್ಳೆಯ ಬಟ್ಟೆ ಜಪಾನಿನದಂತೆ. ಬಟ್ಟೆ ಜಪಾನಿನದು, ಪೇಟ ಕಾಶ್ಮೀರದ್ದು, ಹೊಲಿಗೆ ಬಂಟವಾಳದ್ದು. ಆದರೂ ಅಂಗಿ ಒಮಾನಿನದೇ, ಸಂಶಯವಿಲ್ಲ. ಅದರ ರೂಪವನ್ನು ಬೇಕಾದಂತೆ ತಿದ್ದಿ ಮಾರಕೂಡದೆಂದು ಸರ್ಕಾರದ ಕಟ್ಟಳೆ ಬೇರೆ ಇದೆ.

ಒಮ್ಮೆ ಕೇಳಿದೆ: “ಸಾಹೇಬರೇ, ಇಷ್ಟು ವರ್ಷ ಹೊಲಿದಿರಿ. ಒಂದನ್ನಾದರೂ ತೊಟ್ಟು ನೋಡಿದ್ದುಂಟೋ?”

“ಎಂತಕ್ಕೆ ಮಾಷ್ಟ್ರೇ? ಅಳತೆ ನೋಡ್ಲಿಕ್ಕೆ ಗೊಂಬೆ ಉಂಟಲ್ಲ!” ಎಂದು ಅವರು ಕತ್ತರಿಯಿಂದ ಮೂಲೆಯ ಮರದ ಗೊಂಬೆಯನ್ನು ತೋರಿಸಿದರು.

ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಊರು. ಲೆಕ್ಕ ಹಾಕಿದರೆ 31 ವರ್ಷದಲ್ಲಿ ಹೆಂಡತಿ ಮಕ್ಕಳೊಡನೆ ಇದ್ದದ್ದು ಮೂರು ವರ್ಷವೂ ಆಗದು. ಈ ಲೆಕ್ಕವನ್ನು ನಾನು ಮನಸ್ಸಿನಲ್ಲಿಯೇ ಹಾಕಿದೆ, ಅವರಿಗೆ ಹೇಳಲಿಲ್ಲ. ಅವರು ಹಾಕಿರದೆ ಇರಲಾರರು.

ನಮ್ಮ ನೆರೆಮನೆಯ ವೃದ್ಧರು ಹುಟ್ಟಿದ್ದು ಆಫ್ರಿಕದ ಜಂಜಿಬಾರಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಒಮಾನಿನ ಸುಲ್ತಾನರೊಬ್ಬರು ತಮ್ಮ ರಾಜಧಾನಿಯನ್ನೇ ಆ ಲವಂಗದ ದ್ವೀಪಕ್ಕೆ ಸಾಗಿಸಿದ್ದರು. 1964ರ ಕ್ರಾಂತಿಯಲ್ಲಿ ಅಲ್ಲಿಯ ಅರಬರಲ್ಲಿ ಬಹಳ ಮಂದಿ ಸತ್ತರು; ಉಳಿದವರಲ್ಲಿ ಎಷ್ಟೋ ಜನ ಓಡಿಹೋದರು. 1970ರಲ್ಲಿ ಪಟ್ಟಕ್ಕೆ ಬಂದ ಸುಲ್ತಾನ್ ಕಾಬೂಸ್ ಹೊರಗಿದ್ದವರನ್ನು ಮರಳಿ ಕರೆದಾಗ ಈ ಹಿರಿಯರೂ ಬಂದರು. ಹೆಂಡತಿಯೊಡನೆ ಸ್ವಾಹಿಲಿ, ಮಕ್ಕಳೊಡನೆ ಅರಬ್ಬೀ, ತರಕಾರಿಯವನೊಡನೆ ಹಿಂದಿ, ನನ್ನೊಡನೆ ಇಂಗ್ಲಿಷು ಮಾತನಾಡುತ್ತಾರೆ. ಒಂದು ಸಂಜೆ ಕಾಫಿಗೆ ಕರೆದರು. ಏಲಕ್ಕಿ ಹಾಕಿದ, ಹಾಲುಸಕ್ಕರೆಯಿಲ್ಲದ ಕಾಫಿ; ಜೊತೆಗೆ ಖರ್ಜೂರ. ಹಿಡಿಯಿಲ್ಲದ ಪುಟ್ಟ ಬಟ್ಟಲನ್ನು ಅಲ್ಲಾಡಿಸಿ ಹಿಂದಕ್ಕೆ ಕೊಡುವವರೆಗೆ ಬಗ್ಗಿಸುತ್ತಲೇ ಇರುತ್ತಾರೆ.

ಅಂದು ಅವರು ದಿಶ್‌ದಾಶಾ ತೊಟ್ಟಿರಲಿಲ್ಲ. ಮೈಮೇಲೆ ಬನೀನು, ಸೊಂಟಕ್ಕೆ ಸುತ್ತಿದ ಒಂದು ತುಂಡು ಬಟ್ಟೆ. ಸಂಜೆ ಜಗಲಿಯಲ್ಲಿ ಕೂರುತ್ತಿದ್ದ ನನ್ನ ತಂದೆಯ ವೇಷ ಚಾಚೂ ತಪ್ಪದೆ ಅದೇ. ನನಗೆ ಒಂದು ಗಳಿಗೆ ಮಾತು ಬರಲಿಲ್ಲ. ನಿಲುವಂಗಿಯ ಒಳಗೆ ಇಲ್ಲಿಯ ಗಂಡಸರು ಉಡುವುದು ಇದನ್ನೇ. ಹೆಸರು ವಿಜಾರ್. ಕೇಳಿದೊಡನೆ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ನಮ್ಮ ‘ಇಜಾರ’ ಇದರ ನೆಂಟನೇ ಅಲ್ಲವೆ! ಅರಬರ ಸೊಂಟದ ಪಂಚೆ ಪಾರಸಿಯನ್ನು ಹಾದು ನಮ್ಮಲ್ಲಿಗೆ ಬರುವಷ್ಟರಲ್ಲಿ ಎರಡು ಕಾಲು ಮೂಡಿಸಿಕೊಂಡು ಷರಾಯಿಯಾಯಿತು. ಇಲ್ಲಿಂದ ಅಲ್ಲಿಗೆ ಹೋದ ಮಾತುಗಳೂ ಇವೆ: ಕೊಲ್ಲಿಯ ಅರಬರಿಗೆ ಪಂಖ ‘ಬಂಕಾ’, ನೇರ ಹೋಗು ಎನ್ನುವುದಕ್ಕೆ ‘ಸೀದಾ’. ಒಂದು ರಿಯಾಲಿಗೆ 1000 ಬೈಸಾ. ಆ ಬೈಸಾ ನಮ್ಮ ಪೈಸೆಯೇ. ಭಾರತ ಸರ್ಕಾರ ಕೊಲ್ಲಿ ನಾಡುಗಳಿಗೆಂದು 1959ರಲ್ಲಿ ಹೊರಡಿಸಿದ ರೂಪಾಯಿ 1970ರವರೆಗೆ ಇಲ್ಲಿ ಚಲಾವಣೆಯಲ್ಲಿತ್ತು. ಮಂಗಳೂರಿನ ಅಕ್ಕಿ ತುಂಬಿದ ಹಡಗುಗಳು ಮಸ್ಕತ್ತಿಗೆ ಬರುತ್ತಿದ್ದ ಕಾಲದಲ್ಲಿ ಟಿಪ್ಪುಸುಲ್ತಾನನ ವ್ಯಾಪಾರದ ಕೋಠಿಯೂ ಇಲ್ಲಿತ್ತು. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳಿದೆ. ಹಿರಿಯರು ತಾಳ್ಮೆಯಿಂದ ಕೇಳಿ, ತಮ್ಮ ವಿಜಾರಿನ ಅಂಚನ್ನು ಸರಿಪಡಿಸಿಕೊಳ್ಳುತ್ತ ಒಂದು ಮಾತು ಹೇಳಿದರು:

“ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಅರಬ್ಬೀ ಸರಿಯಾಗಿ ಬರುತ್ತಿರಲಿಲ್ಲ, ಉಸ್ತಾದ್. ಬಾಯಿ ತೆರೆದರೆ ಜನ ನಗುತ್ತಿದ್ದರು. ಆದರೆ ಮೈಮೇಲೆ ಅಂಗಿಯಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಾನೂ ಇಲ್ಲಿಯವನೇ.”

ಭಾಷೆಯೇ ನಾಡು ಎಂದು ಹದಿನೆಂಟು ವರ್ಷ ಬೋಧಿಸಿದವನಿಗೆ ಈ ಮಾತು ಸುಲಭವಾಗಿ ಜೀರ್ಣವಾಗತಕ್ಕದ್ದಲ್ಲ. ಇನ್ನೂ ಆಗಿಲ್ಲ.

ಹೆಂಗಸರ ಉಡುಪಿನ ಬಗ್ಗೆ ನಾನು ಹೆಚ್ಚು ಬರೆಯುವುದು ಸಭ್ಯತೆಯಲ್ಲ. ಬೀದಿಯಲ್ಲಿ ಕಾಣುವುದು ಕಪ್ಪು ಅಬಾಯಾ. ಅದರ ಒಳಗೆ ಕಡುಹಸಿರು, ಕುಂಕುಮ, ನೇರಳೆ ಬಣ್ಣಗಳ ಜರಿಯಂಚಿನ ಉಡುಪುಗಳ ಸಂತೆಯೇ ಇರುತ್ತದೆಂದು ಹೆಂಗಸರ ವಾರ್ಡಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಹೇಳುತ್ತಾಳೆ. ದಕ್ಷಿಣದ ಸಲಾಲಾದಲ್ಲಿ ಮಳೆಗಾಲವುಂಟು, ತೆಂಗುಬಾಳೆಗಳುಂಟು. ಅಲ್ಲಿಗೆ ಹೋದ ಕರಾವಳಿಯವರು ಊರು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಆ ಕಡೆಯ ಹೆಂಗಸರ ಮಖಮಲ್ಲಿನ ನಿಲುವಂಗಿ ಮುಂದೆ ಗಿಡ್ಡ, ಹಿಂದೆ ಉದ್ದ. ಮರಳಿನ ಮೇಲೆ ನಡೆದಾಗ ಎಳೆದು ಬರುವ ಸೆರಗು ಹೆಜ್ಜೆಯ ಗುರುತನ್ನು ಅಳಿಸುತ್ತದೆಂದು ಕಾರಣ ಹೇಳುತ್ತಾರೆ.

ಇನ್ನು ನನ್ನ ಮಗನ ವಿಷಯ. ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವ. ಇವರ ರಾಷ್ಟ್ರೀಯ ದಿನವೂ ಅದೇ ತಿಂಗಳು. ಇಲ್ಲಿಯ ಕನ್ನಡಿಗರೆಲ್ಲ ಶುಕ್ರವಾರದ ರಜೆಯಲ್ಲಿ ಸೇರಿ ರಾಜ್ಯೋತ್ಸವ ಮಾಡಿದಾಗ ಹುಡುಗನಿಗೆ ಪಂಚೆ ಉಡಿಸಿದೆ. ಸೊಂಟಕ್ಕೆ ಎಲಾಸ್ಟಿಕ್ ಹಾಕಿದ, ಜಾರದ ಪಂಚೆ. ಅವನು ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದು, “ಅಪ್ಪಾ, ಚುಚ್ಚತ್ತೆ, ನಿಕ್ಕರ್ ಕೊಡು” ಎಂದ. ಕೊಟ್ಟೆ. ಎರಡು ವಾರದ ನಂತರ, ರಾಷ್ಟ್ರೀಯ ದಿನಕ್ಕೆ ಮಕ್ಕಳು ಒಮಾನಿ ಉಡುಪಿನಲ್ಲಿ ಬರಬೇಕೆಂದು ಶಾಲೆಯಿಂದ ಚೀಟಿ ಬಂತು. ಬಂಟವಾಳದ ಸಾಹೇಬರು ಪುಟ್ಟ ದಿಶ್‌ದಾಶಾ ಹೊಲಿದರು, ಕುಚ್ಚನ್ನೂ ಮರೆಯಲಿಲ್ಲ. ನೆರೆಮನೆಯ ಹಿರಿಯರು ಮಂಡಿಯೂರಿ ಕುಳಿತು ತಮ್ಮ ಕೈಯಾರೆ ಅವನ ತಲೆಗೆ ಪೇಟ ಸುತ್ತಿದರು. ಹುಡುಗ ಅಂದು ಶಾಲೆಯಿಂದ ಬಂದ ಮೇಲೂ ಅಂಗಿ ಬಿಚ್ಚಲಿಲ್ಲ. ಅದರಲ್ಲಿಯೇ ಉಂಡ, ಅದರಲ್ಲಿಯೇ ಮಲಗಿದ. ಚುಚ್ಚುತ್ತದೆ ಎನ್ನಲಿಲ್ಲ. ನಿದ್ದೆಯಲ್ಲಿ ಏನೋ ಗೊಣಗಿದ. ಯಾವ ಭಾಷೆ ಎಂದು ಬಗ್ಗಿ ಕೇಳಿದೆ, ತಿಳಿಯಲಿಲ್ಲ.

ಮಾರನೆಯ ದಿನ ಹೊಲಿಗೆಯ ಹಣ ಕೊಡಲು ಹೋದೆ. ಸಾಹೇಬರು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಬಟ್ಟೆಯ ಹಣ ಮಾತ್ರ ಎಣಿಸಿಕೊಂಡು ಹೇಳಿದರು: “ಕೆಳಗೆ ಮಡಿಚಿದ್ದರಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದೇನೆ ಮಾಷ್ಟ್ರೇ. ಬೆಳೆಯುವ ಹುಡುಗ. ಬರುವ ವರ್ಷ ಬಿಚ್ಚಿ ಹೊಲಿಸಿ. ಯಾರ ಹತ್ತಿರವಾದರೂ ಆಗ್ತದೆ. ನಾನು ಮಾರ್ಚಿಗೆ ಊರಿಗೆ ಹೋಗುವವ, ಮತ್ತೆ ಬರುವುದಿಲ್ಲ.”