ಪತ್ತೇದಾರ, ಪಬ್‌ಜಿ, ಹಂಚು

ನಮ್ಮ ದೇವಾಪುರದಾಗ ಈಗ ಯಾರ ಮನಿಗೆ ಹೋದ್ರೂ ಒಂದೇ ದೂರು ನೋಡ್ರಿ, "ಹುಡುಗ ಮೊಬೈಲ್ ಬಿಡವಲ್ಲ." ಕಟ್ಟಿ ಮ್ಯಾಲ ಸಾಲಾಗಿ ಕುಂತಿರ್ತಾವ, ಬಾಯಾಗ ಬರೇ "ಹೊಡಿ, ಹಿಂದ ಬಂದಾನ!" 2020ರ ಸೆಪ್ಟೆಂಬರ್‌ದಾಗ ಸರಕಾರ ಪಬ್‌ಜಿ ಬಂದ್ ಮಾಡಿದಾಗ ನಮ್ಮ ವೈನಿ ಹೋಳಿಗಿ ಮಾಡಿದ್ಲು. ಮುಂದಿನ ವರ್ಷ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸ್ಕೊಂಡು ಬಂತು. ಹೋಳಿಗಿ ದಂಡ.

ಆ ಆಟ ನಾನೂ ಕುಂತು ನೋಡೀನಿ. 100 ಮಂದಿ ಪ್ಯಾರಾಶೂಟ್‌ಲಿಂದ ಇಳೀತಾರ, ಕಡೀಗೆ ಗೆದ್ದವ್ರು ಅಷ್ಟೇ ಉಳೀತಾರ. ಅಷ್ಟು ಮನಿ ಅದಾವ, ಒಂದರಾಗೂ ಒಲಿ ಹತ್ತಿಲ್ಲ. ಡಬ್ಬಿಯಾಗಿನ ಪಾನಕ ಕುಡೀತಾರ, ಗುಳಿಗಿ ನುಂಗ್ತಾರ, ಓಡ್ತಾರ. ಆದ್ರ ಒಂದು ಮಾತು ಮೆಚ್ಚಿದೆ. ನಮ್ಮ ಹಂಚಿನಂಥದ್ದೊಂದು ಬೆನ್ನಿಗೆ ಕಟ್ಕೊಂಡ್ರ ಗುಂಡು ತಾಗಂಗಿಲ್ಲಂತ! ಹಂಚಿನ ಬೆಲಿ ತಿಳಿದವ ಯಾವನರ ಇದ್ರ ಅವ ಆ ಆಟ ಮಾಡಿದವನೇ.

ನಮ್ಮ ಕಾಲಕ್ಕ ಈ ಹುಚ್ಚು ಪುಸ್ತಕದಾಗಿತ್ತು. ನಮ್ಮವ್ವ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಹಿಟ್ಟಿನ ಡಬ್ಬಿ ಹಿಂದ ಮುಚ್ಚಿಡ್ತಿದ್ಲು. ನಾಲ್ಕನೇತ್ತೆ ಕಲಿತ ಆ ಮನುಷ್ಯ 500ಕ್ಕೂ ಮಿಕ್ಕಿ ಕಾದಂಬರಿ ಬರದಾರ. ಅವ್ವನೂ ನಾಲ್ಕನೇತ್ತೆ, ಅದಕ್ಕ ಭಾಳ ಅಭಿಮಾನ. ಪುರುಷೋತ್ತಮ, ಅರಿಂಜಯ, ಗಾಳಿರಾಯ ಎಲ್ಲಾರೂ ನಮ್ಮನಿ ನೆಂಟರಾಗಿದ್ರು. ಕಡೀ ಹಾಳಿ ಹರಿದಿರ್ತಿತ್ತು. ಕೊಲಿಗಾರ ಯಾರಂತ ಅವ್ವ ರೊಟ್ಟಿ ಬಡೀತಾ ತಾನೇ ತೀರ್ಪು ಕೊಡ್ತಿದ್ಲು. ಬಹಳ ಸಲ ಮೈದುನನೇ ಕೊಲಿಗಾರ ಆಗ್ತಿದ್ದ.

"ಕೊಲಿ ಪುಸ್ತಕ ಓದೋಳು ಸಂಸಾರ ಮಾಡ್ತಾಳೇನು?" ಅಂತಿದ್ದ ಅಪ್ಪ. ಅದೇ ಅಪ್ಪ ಶ್ರಾವಣದಾಗ ಜೈಮಿನಿ ಭಾರತ ಓದಿಸ್ತಿದ್ದ. ಲಕ್ಷ್ಮೀಶ ಕವಿ ನಮ್ಮ ಸುರಪುರ ಸೀಮಿಯವ ಅಂತ ನಮ್ಮ ವಾದ, ಕಡೂರಿನ ದೇವನೂರಿನವ್ರು ತಮ್ಮವ ಅಂತಾರ, ಆ ಜಗಳ ಇರ್ಲಿ. ಆ ಕಾವ್ಯದಾಗರ ಏನದ? ಕುದುರಿ ಹಿಂದ ಊರೂರು ಯುದ್ಧ. ಸುಧನ್ವನ್ನ ಕಾಯ್ದ ಎಣ್ಣಿಗೆ ಹಾಕ್ತಾರ. ಬಬ್ರುವಾಹನ ಹೆತ್ತಪ್ಪ ಅರ್ಜುನನ್ನೇ ಕೊಲ್ತಾನ, ಆಮ್ಯಾಲ ಪಾತಾಳದ ಮಣಿ ತಂದು ಎಬ್ಬಿಸ್ತಾರ. ಇದಕ್ಕ ಹುಡುಗ್ರು ರಿವೈವ್ ಅಂತಾರ. ಚಂದ್ರಹಾಸಗ ವಿಷ ಕೊಡ್ರಿ ಅಂತ ಬರದ ಪತ್ರಾನ ವಿಷಯೆ ಒಂದಕ್ಷರ ತಿದ್ದಿ ತನ್ನನ್ನೇ ಕೊಡ್ರಿ ಅಂತ ಮಾಡಿಬಿಟ್ಲು! ಗಾಳಿರಾಯಗೂ ಹೊಳೀತಿರಲಿಲ್ಲ.

ನನಗ ಸಿಟ್ಟು ಬರೋದು ಬ್ಯಾರೇದಕ್ಕ. ಹುಡುಗ್ರು ನಡುರಾತ್ರಿ ತನಕ ಆಡಿದ್ರ ಹುಡುಗಾಟ, ಹುಡುಗಿ ಅರ್ಧ ತಾಸು ಫೋನ್ ಹಿಡಿದ್ರ "ಯಾರ ಜೋಡಿ ಮಾತು?" ಮೊನ್ನೆ ವೈನಿ ತನ್ನ ಮಗಳ ಫೋನ್ ಕಸಗೊಂಡು ಟ್ರಂಕಿನಾಗ ಇಟ್ಲು. ಸಾಲಿ ಅಭ್ಯಾಸ ಬರೋದೂ ಅದರಾಗೇ. ಹುಡುಗಿ ಓದ್ತಿದ್ದದ್ದು ದೆವ್ವದ ಕತಿ. ಅಷ್ಟಕ್ಕ ಹಿರಿಯರೊಬ್ರು, "ಗಂಡು ನೋಡ್ರಿ ಮತ್ತ" ಅಂದ್ರು. ಹದಿನೈದು ವರ್ಷದ ಕೂಸಿಗೆ! ಯಾವ ದೆವ್ವಕ್ಕೂ ಹೆದರದ ನಾನು ಆ ಮಾತಿಗೆ ಹೆದರಿದೆ.

ವೈನಿಗೆ ಒಂದೇ ಮಾತು ಕೇಳ್ದೆ, "ಅವ್ವನ ಹಿಟ್ಟಿನ ಡಬ್ಬಿ ಹಿಂದಿಂದು ನೀ ಎಷ್ಟು ಓದೀದಿ?" ಬಂದ ಹೊಸದಾಗ ಆಕೀನೂ ಅಲ್ಲೇ ಕದ್ದು ಓದಿದಾಕಿ. ಸುಮ್ಮಕ ಹೋಗಿ ಟ್ರಂಕಿನ ಕೀಲಿ ತಂದ್ಲು. ಗಂಡಿನ ಮಾತು ಎತ್ತಿದವ್ರಿಗೆ, "ಮೊದಲ ಹತ್ತನೇತ್ತೆ, ಆಮ್ಯಾಲ ಕಾಲೇಜು" ಅಂತ ತಾನೇ ಹೇಳಿ ಕಳಿಸಿದ್ಲು.

ಈಗ ಊಟಾದ ಮ್ಯಾಲ ಆ ಹುಡುಗಿ ಗಟ್ಟಿಯಾಗಿ ಓದ್ತಾಳ, ನಾವು ಬ್ಯಾಳಿ ಹಸನ ಮಾಡ್ತೀವಿ. ನಿನ್ನೆ ದೆವ್ವ ಬಾವಿ ಹತ್ರ ಬಂದಾಗ ಕರೆಂಟ್ ಹೋತು. ಮುಂದಿನ ಭಾಗ ಇವತ್ತದ, ಬರೋರು ಬರ್ರಿ, ಬರೋವಾಗ ನಿಮ್ಮ ಪಾಲಿನ ಬ್ಯಾಳಿನೂ ತರ್ರಿ.