ಪಿಸ್ತೂಲು ಎಲ್ಲಿಟ್ಟುಕೊಳ್ಳೋದು ಸ್ವಾಮಿ?

ಸಿನಿಮಾ ಹೀರೋಗೆ ಈ ತಾಪತ್ರಯವೇ ಇಲ್ಲ. ಕೋಟಿನೊಳಗೆ ಕೈ ಹಾಕಿದ, ಪಿಸ್ತೂಲು ಬಂತು. ಫೈಟ್ ಮುಗೀತು, ಪಿಸ್ತೂಲು ಮಾಯ! ಓಡ್ತಾನೆ, ಗೋಡೆ ಹಾರ್ತಾನೆ, ನಾಯಕಿಯ ಜೊತೆ ಮರ ಸುತ್ತುತ್ತಾನೆ... ಒಂದು ಸಲವಾದರೂ ಅದು ಅವನ ಪಕ್ಕೆಗೆ ಚುಚ್ಚಿದ್ದನ್ನು, ಪ್ಯಾಂಟಿನೊಳಗೆ ಜಾರಿದ್ದನ್ನು ನೀವು ನೋಡಿದ್ದೀರಾ? ಗಾಂಧಿ ಕ್ಲಾಸಿನಲ್ಲಿ ಕೂತು ನೂರಾರು ಸಿನಿಮಾ ನೋಡಿದ ನಾನಂತೂ ನೋಡಿಲ್ಲ.

ಆದರೆ ನಿಜವಾದ, ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ಒಬ್ಬ ದೊಡ್ಡ ಮನುಷ್ಯರು ಪಟ್ಟ ಪಾಡನ್ನು ಕಣ್ಣಾರೆ ನೋಡಿದ್ದೇನೆ. ಆ ಪಾಡಿಗೆ ಅರ್ಧ ಕಾರಣ ನಾನೇ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳ್ತೀನಿ, ಕೇಳಿ.

ನಾನು ಅರಕಲಗೂಡು ಕಡೆಯವನು. ಪಿಯುಸಿಯಲ್ಲಿ ಡುಮ್ಕಿ ಹೊಡೆದು, 1983ರಲ್ಲಿ ಕೊಡಗಿಗೆ ಹೋಗಿ ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿ ಸೇರಿಕೊಂಡೆ. ರೈಟರ್ ಅಂದರೆ ಕಥೆ ಬರೆಯೋನಲ್ಲ ಮಾರಾಯರೇ, ಆಳುಗಳ ಹಾಜರಿ ಬರೆಯೋನು! ತೋಟದ ಯಜಮಾನರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಕೊಡವರು. ಊರಿಗೆಲ್ಲ ‘ಮೇಜರ್ ಸಾಹೇಬರು’. ಆರಡಿ ಆಳು, ಬಿಳಿ ಮೀಸೆ, ಮಾತು ಕಡಿಮೆ.

ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ: ಅಣ್ಣಾವ್ರ ಸಿಐಡಿ 999. ‘ಜೇಡರ ಬಲೆ’ (1968) ಬಂದಾಗ ನಾನಿನ್ನೂ ಚಡ್ಡಿ ಹುಡುಗ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಆಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು ನೋಡಿ, ಅದನ್ನು ಏಳು ಸಲ ನೋಡಿದೆ. ದೊರೆ-ಭಗವಾನ್ ಜೋಡಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಇಂಗ್ಲಿಷ್ ಬಾಂಡ್ 1962ರ ‘ಡಾಕ್ಟರ್ ನೋ’ದಿಂದಲೇ ಕೋಟಿನೊಳಗೆ, ಕಂಕುಳ ಹತ್ತಿರ ಚರ್ಮದ ಒರೆಯಲ್ಲಿ ಪಿಸ್ತೂಲು ಇಟ್ಟುಕೊಳ್ತಿದ್ದ. ಆ ಗತ್ತಿಗೆ ನಾನು ಮರುಳಾಗಿದ್ದೆ.

ಸಾಹೇಬರು ಕೇಳಿದ ಪ್ರಶ್ನೆ

ತೋಟದಲ್ಲಿ ಶನಿವಾರ ಬಟವಾಡೆ. ವಿರಾಜಪೇಟೆಯ ಬ್ಯಾಂಕಿನಿಂದ ದುಡ್ಡು ತರಬೇಕು. ಜೀಪಿನಲ್ಲಿ ಸಾಹೇಬರು, ಡ್ರೈವರು, ದುಡ್ಡಿನ ಚೀಲ ತೊಡೆಯ ಮೇಲಿಟ್ಟುಕೊಂಡ ನಾನು. ದಾರಿಯುದ್ದಕ್ಕೂ ತೋಟ, ಕಾಡು. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ. ಎಲ್ಲೋ ಬಟವಾಡೆ ದುಡ್ಡು ಕಿತ್ತುಕೊಂಡರಂತೆ ಅನ್ನೋ ಸುದ್ದಿ ಹಬ್ಬಿದ ಮೇಲೆ ಸಾಹೇಬರು ಬೀರುವಿನಿಂದ ತಮ್ಮ ರಿವಾಲ್ವರ್ ತೆಗೆದರು. ಪಾಯಿಂಟ್ 32 ವೆಬ್ಲಿ ಅಂಡ್ ಸ್ಕಾಟ್. ಆರು ಗುಂಡಿನದು.

ನಾನು ಬಯಲುಸೀಮೆಯವನಲ್ಲವೇ, ಬೆಪ್ಪಾಗಿ ಕೇಳಿದೆ: “ಸಾರ್, ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ?”

ಸಾಹೇಬರು ನಕ್ಕರು. “ಕೋವಿಗೆ ಬೇಡ. ಇದಕ್ಕೆ ಬೇಕು.”

ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೆ, 1959ರ ಆಯುಧ ಕಾಯ್ದೆಯಡಿಯಲ್ಲೂ ಅದು ಮುಂದುವರಿಯಿತು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಉದ್ದ ಕೋವಿ, ರೈಫಲ್ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಕೋರ್ಟಿನಲ್ಲಿ ಪ್ರಶ್ನೆ ಮಾಡಿದಾಗ 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಆದರೆ ಪಿಸ್ತೂಲು, ರಿವಾಲ್ವರಿಗೆ ಈ ವಿನಾಯಿತಿ ಇಲ್ಲ. ಗೋಡೆಯ ಮೇಲೆ ಎರಡು ಕೋವಿ ತೂಗುಹಾಕಿದ್ದ ಮೇಜರ್ ಸಾಹೇಬರೂ ಈ ಗೇಣುದ್ದದ ವಸ್ತುವಿಗೆ ಎಲ್ಲರಂತೆ ಅರ್ಜಿ ಹಾಕಿ ಲೈಸೆನ್ಸ್ ತಗೊಂಡಿದ್ದರು. ಯಾಕೆ ಗೊತ್ತೆ? ಕೋವಿ ಬಚ್ಚಿಡೋಕಾಗಲ್ಲ. ಇದನ್ನು ಬಚ್ಚಿಡಬಹುದು. ಅಲ್ಲೇ ಇರೋದು ಕಿತಾಪತಿ!

“ಏನಯ್ಯಾ ರೈಟರ್,” ಅಂದರು ಸಾಹೇಬರು, “ಮಿಲಿಟರಿಯಲ್ಲಿ ಇದು ಹೊರಗೇ ಇರ್ತಿತ್ತು. ಬೆಲ್ಟಿಗೆ ಒರೆ, ದಾರ ಕಟ್ಟಿರೋದು. ಇಲ್ಲಿ ಹಾಗೆ ಹೋದರೆ ‘ನನ್ನ ಹತ್ರ ದುಡ್ಡಿದೆ’ ಅಂತ ಬೋರ್ಡು ಹಾಕಿಕೊಂಡ ಹಾಗೆ. ನೀನು ಸಿನಿಮಾ ನೋಡ್ತೀಯಲ್ಲ, ನಿಮ್ಮ ಹೀರೋಗಳು ಎಲ್ಲಿ ಇಟ್ಕೊಳ್ತಾರೆ?”

ನನ್ನ ಎದೆ ಉಬ್ಬಿತು. ಮಿಲಿಟರಿ ಮೇಜರು ಪಿಯುಸಿ ಫೇಲಾದವನನ್ನು ಸಲಹೆ ಕೇಳ್ತಿದ್ದಾರೆ! “ಬೆನ್ನ ಹಿಂದೆ ಸಾರ್. ಪ್ಯಾಂಟಿನೊಳಗೆ ಸಿಕ್ಕಿಸಿ, ಮೇಲೆ ಶರ್ಟು ಬಿಟ್ಟುಕೊಳ್ಳೋದು.”

ಮೂರು ಶನಿವಾರ, ಮೂರು ಅವತಾರ

ಮೊದಲನೇ ಶನಿವಾರ ಬೆನ್ನ ಹಿಂದೆ. ನಮ್ಮ ಜೀಪಿನ ಸೀಟು, ಕೊಡಗಿನ ರಸ್ತೆ... ಕೇಳಬೇಕೇ? ಒಂದೊಂದು ಗುಂಡಿಗೂ ಸಾಹೇಬರು ‘ಹಾ’ ಅಂತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಅದು ಪ್ಯಾಂಟಿನೊಳಗೆ ಜಾರಲು ಶುರುವಾಯಿತು. ಒಂದು ಕೈ ಹಿಂದೆ ಹಿಡಿದುಕೊಂಡೇ ಚೆಕ್ ಬರೆದರು. ಸೊಂಟ ಹಿಡಿದಿದೆ ಅಂದುಕೊಂಡ ಕ್ಯಾಷಿಯರ್ ಪಾಪ ಕುರ್ಚಿ ಕೊಟ್ಟ. ಕೂತರೆ ಇನ್ನೂ ಕಷ್ಟ! ನನಗೆ ಒಳಗೇ ನಗು. ಈಗ ಯೋಚಿಸಿದರೆ ನಡುಕ. ಒರೆ ಇಲ್ಲದೆ ಬರೀ ಬಟ್ಟೆಯೊಳಗೆ ಸಿಕ್ಕಿಸಿದ ರಿವಾಲ್ವರು ಅದು. ಟ್ರಿಗರಿಗೆ ಯಾವ ಮುಚ್ಚಳವೂ ಇರಲಿಲ್ಲ.

ಎರಡನೇ ಶನಿವಾರ ಪ್ಯಾಂಟಿನ ಜೇಬು. ಒಂದು ಕಡೆ ಪ್ಯಾಂಟು ಜೋತುಬಿತ್ತು. ಮುಚ್ಚಿಟ್ಟದ್ದು ಮುಚ್ಚಿಟ್ಟ ಹಾಗೂ ಇರಲಿಲ್ಲ. ಬೀಗದ ಕೈ ಗೊಂಚಲು, ಕರವಸ್ತ್ರ, ರಿವಾಲ್ವರು ಎಲ್ಲ ಒಂದೇ ಜೇಬಿನಲ್ಲಿ. ಕರವಸ್ತ್ರ ಎಳೆದರೆ ಪಿಸ್ತೂಲಿನ ಹಿಡಿ ಇಣುಕಿತು. ಕಾಫಿ ಕೊಡಲು ಬಂದ ಹೋಟೆಲ್ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ.

ಮೂರನೇದು ಸಾಹೇಬರದೇ ಬುದ್ಧಿ. ವಿರಾಜಪೇಟೆಯಲ್ಲಿ ಚರ್ಮದ ಕೆಲಸ ಮಾಡುವವರ ಹತ್ತಿರ ಗಟ್ಟಿ ಒರೆ ಹೊಲಿಸಿ, ಅಗಲ ಬೆಲ್ಟಿಗೆ ಏರಿಸಿ, ಬಲ ಸೊಂಟದ ಮೂಳೆಯ ಹಿಂದೆ ಇಟ್ಟುಕೊಂಡು ಮೇಲೆ ಕೋಟು ಹಾಕಿದರು. ಟ್ರಿಗರು ಪೂರ್ತಿ ಮುಚ್ಚಿತ್ತು, ಮೇಲೆ ಗುಂಡಿ ಹಾಕೋ ಪಟ್ಟಿ. ಅಲ್ಲಾಡಲಿಲ್ಲ, ಜಾರಲಿಲ್ಲ. ನಿಜ ಹೇಳಬೇಕೆಂದರೆ ಅದೇ ಸರಿಯಾದ ವಿಧಾನ. ಆದರೆ ಕೂತಾಗ ಸ್ವಲ್ಪ ಚುಚ್ಚುತ್ತಿತ್ತು. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಬರ್ತಿತ್ತು, ಕಬ್ಬಿಣಕ್ಕೆ ತುಕ್ಕು. ದಿನಾ ಒರೆಸಬೇಕು, ಎಣ್ಣೆ ಹಚ್ಚಬೇಕು.

ಆಗ ನಾನು ಬಾಯಿ ಹಾಕಿದೆ. “ಸಾರ್, ಜೇಮ್ಸ್ ಬಾಂಡ್ ತರಹ ಕೋಟಿನೊಳಗೆ ಇಟ್ಟರೆ?”

ಕಂಕುಳಿಗೆ ಪಟ್ಟಿ ಬಿಗಿಯೋ ರಗಳೆ ಯಾಕೆ ಅಂತ, ಕೋಟಿನ ಒಳಪದರಕ್ಕೇ ಎಡಗಡೆ ಚರ್ಮದ ಚೀಲ ಹೊಲಿಸೋ ಐಡಿಯಾ ನಾನೇ ಕೊಟ್ಟೆ. ಟೈಲರ್ ಹತ್ತಿರ ನಾನೇ ನಿಂತು ಮಾಡಿಸಿದೆ. ಅಬ್ಬಾ, ಎಷ್ಟು ಸುಖ! ಭಾರವೆಲ್ಲ ಹೆಗಲಿಗೆ, ಚುಚ್ಚೋದಿಲ್ಲ, ಕಾಣೋದಿಲ್ಲ. ಕೊಡಗಿನ ಚಳಿಗೆ ಕೋಟು ಹಾಕಿದರೆ ಯಾರೂ ಏನೂ ಅಂದುಕೊಳ್ಳಲ್ಲ. ಸಾಹೇಬರು ಬೆನ್ನು ತಟ್ಟಿದರು. “ಇದ್ದದ್ದೇ ಗೊತ್ತಾಗಲ್ಲ ಕಣಯ್ಯಾ!”

ಆ ಮಾತು ನೆನಪಿಟ್ಟುಕೊಳ್ಳಿ.

ಕೈಲ್‌ಪೊಳ್ದಿನ ದಿನ

1984ರ ಸೆಪ್ಟೆಂಬರ್ 3, ಸೋಮವಾರ. ಕೈಲ್ ಮುಹೂರ್ತ. ನಾಟಿ ಮುಗಿದ ಮೇಲೆ ಬರುವ ಆಯುಧಗಳ ಹಬ್ಬ. ಮನೆಯ ಕೋವಿ, ಕತ್ತಿಗಳನ್ನೆಲ್ಲ ಒರೆಸಿ, ತೋಕ್‌ಪೂವು ಮುಡಿಸಿ, ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದರು. ಕಡಂಬುಟ್ಟು, ಪಂದಿ ಕರಿಯ ವಾಸನೆ ಕಣದವರೆಗೂ ಬರ್ತಿತ್ತು. ಪೂಜೆಯಾದ ಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಪಂದ್ಯ.

ಸಾಹೇಬರು ಕುಪ್ಪಸ ತೊಟ್ಟು, ಕೆಂಪು ಚೇಲೆ ಬಿಗಿದು ಬಂದರು. ಚೇಲೆಗೆ ಎದುರಿಗೇ ಸಿಕ್ಕಿಸಿದ ಬೆಳ್ಳಿಯ ಪೀಚೆಕತ್ತಿ, ಬೆನ್ನಿಗೆ ಹಿತ್ತಾಳೆಯ ತೋಡಂಗಿನಲ್ಲಿ ಒಡಿಕತ್ತಿ. ‘ಹುಲಿಯ ಹಾಲಿನ ಮೇವು’ (1979) ಚಿತ್ರದಲ್ಲಿ ಅಣ್ಣಾವ್ರನ್ನು ಕೊಡವ ವೀರನ ವೇಷದಲ್ಲಿ ನೋಡಿದ್ದೆನಲ್ಲ, ನನಗೆ ಅದೇ ನೆನಪಾಗಿ ಮೈ ಜುಂ ಅಂತು.

ನಾನು ಜಗಲಿಯಲ್ಲಿ ನಿಂತಿದ್ದೆ. ಹಿಂದಿನಿಂದ ಒಂದು ಎಳೆ ಧ್ವನಿ: “ರೈಟರ್ ಮಾಮ, ಹ್ಯಾಂಡ್ಸ್ ಅಪ್!”

ತಿರುಗಿದೆ. ಸಾಹೇಬರ ಮಗಳ ಮಗ. ಆರು ವರ್ಷ. ರಜಕ್ಕೆ ಬಂದವನಿಗೆ ಬಾಂಡ್ ತರಹ ಕಾಲಗಲಿಸಿ, ಎರಡೂ ಕೈ ಮುಂದೆ ಚಾಚಿ ನಿಲ್ಲೋದನ್ನು ಕಲಿಸಿದವನು ನಾನೇ. ಬೆರಳನ್ನೇ ಪಿಸ್ತೂಲು ಮಾಡಿಕೊಂಡು ದಿನಾ ಆಡ್ತಿದ್ದೆವು. ಇವತ್ತು ಅವನ ಕೈಯಲ್ಲಿ ಬೆರಳಿರಲಿಲ್ಲ. ವೆಬ್ಲಿ ಇತ್ತು. ನೇರ ನನ್ನ ಎದೆಗೆ. ಟ್ರಿಗರಿನ ಮೇಲೆ ಎರಡು ಪುಟ್ಟ ಬೆರಳು, ಬಿಳಚಿಕೊಳ್ಳುವಷ್ಟು ಒತ್ತಿ ಹಿಡಿದಿದ್ದ. ಕುದುರೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಹೋಗ್ತಿದ್ದದ್ದು ನನಗೆ ಕಾಣ್ತಿತ್ತು.

ಸಿನಿಮಾದಲ್ಲಾದರೆ ನಾನು ನೆಗೆದು ಕಿತ್ತುಕೊಳ್ಳಬೇಕಿತ್ತು. ನಾನೇನು ಮಾಡಿದೆ ಗೊತ್ತೆ? ಏನೂ ಇಲ್ಲ. ಕೈ ಮೇಲೆತ್ತಿದೆ. ನಾಲಗೆ ಅಂಗುಳಕ್ಕೆ ಅಂಟಿತ್ತು.

ಉಳಿಸಿದವರು ಸಾಹೇಬರ ತಾಯಿ. ಎಂಬತ್ತು ದಾಟಿದ ಅಜ್ಜಿ. ಅವರು ಕಿರುಚಲಿಲ್ಲ, ಓಡಲಿಲ್ಲ. ಮಗುವಿನ ಹಿಂದಿನಿಂದ ಬಂದು, ಕೊಡವ ತಕ್ಕಿನಲ್ಲಿ ಏನೋ ಮೆಲ್ಲಗೆ ಹೇಳುತ್ತಾ, ಮೊದಲು ಅವನ ಮಣಿಕಟ್ಟು ಹಿಡಿದು ನಳಿಗೆಯನ್ನು ಮಾಡಿನ ಕಡೆಗೆ ತಿರುಗಿಸಿದರು. ಆಮೇಲೆ ಒಂದೊಂದೇ ಬೆರಳು ಬಿಡಿಸಿದರು. ತಾವೇ ಕೋವಿ ಹಿಡಿದು ಬೆಳೆದ ಹೆಂಗಸು. ಆ ಹಳೇ ರಿವಾಲ್ವರಿನ ಟ್ರಿಗರು ಬಲು ಬಿಗಿ ಇದ್ದದ್ದು, ಮಗುವಿನ ಬೆರಳಿಗೆ ಪೂರ್ತಿ ಬಗ್ಗದೇ ಹೋದದ್ದು ನನ್ನ ಪುಣ್ಯ.

ಸಾಹೇಬರು ಬಂದು ರಿವಾಲ್ವರನ್ನು ನಡುವೆ ಮುರಿದು ತೆರೆದರು. ಆರು ಗುಂಡೂ ಅಂಗೈಗೆ ಉದುರಿದವು. ಶನಿವಾರ ಬಟವಾಡೆಯಿಂದ ಬಂದು ಕೋಟನ್ನು ಮೊಳೆಗೆ ಹಾಕಿದ್ದರು. ಸೋಮವಾರದವರೆಗೂ ಅದು ಅಲ್ಲೇ ತೂಗುತ್ತಿತ್ತು. ಮನೆಯ ಆಯುಧಗಳೆಲ್ಲ ಎಲ್ಲರ ಕಣ್ಣೆದುರು ದೇವರ ಮುಂದೆ ಇದ್ದವು. ಬಚ್ಚಿಟ್ಟದ್ದೊಂದೇ ಮರೆತುಹೋಗಿತ್ತು. ಇದ್ದದ್ದೇ ಗೊತ್ತಾಗದಷ್ಟು ಸುಖವಾಗಿ ಇಟ್ಟುಕೊಂಡಿದ್ದರಲ್ಲ!

ಅಜ್ಜಿ ಮಗನ ಸೊಂಟದ ಪೀಚೆಕತ್ತಿಯನ್ನು ಮುಟ್ಟಿ ತೋರಿಸಿದರು. ನನಗೂ ಅರ್ಥವಾಗಲಿ ಅಂತ ಕನ್ನಡದಲ್ಲೇ ಹೇಳಿದರು: “ಇದು ಎಲ್ಲರಿಗೂ ಕಾಣ್ತದೆ. ಬಗ್ಗಿದರೆ ನಿನಗೂ ಚುಚ್ಚುತ್ತದೆ. ಚುಚ್ಚುತ್ತಿರಬೇಕು ಕಣೋ. ಚುಚ್ಚದೇ ಇದ್ದರೆ ಇರೋದು ಮರೆತುಹೋಗ್ತದೆ.”

ಆರಡಿ ಮೇಜರು ತಲೆ ತಗ್ಗಿಸಿದರು. ನಾನು ತೋಟದ ಕಡೆ ನೋಡ್ತಾ ನಿಂತೆ. ಕೋಟಿಗೆ ಚೀಲ ಹೊಲಿಸಿದ್ದು ನಾನೇ ಅಂತ ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ಸಂಜೆ ಅವರೇ ಬ್ಲೇಡು ಹಿಡಿದು ಆ ಚೀಲವನ್ನು ಕಿತ್ತರು.

ಆಮೇಲೆ ಮತ್ತೆ ಬೆಲ್ಟಿನ ಒರೆ ಬಂತು. ಚುಚ್ಚಿದರೂ ಅದೇ. ಜೊತೆಗೆ ಒಂದು ಕಾನೂನು: ಮನೆಗೆ ಬಂದ ಕೂಡಲೇ, ಶೂ ಬಿಚ್ಚುವ ಮೊದಲೇ, ಗುಂಡು ಬೇರೆ, ರಿವಾಲ್ವರು ಬೇರೆ, ಎರಡಕ್ಕೂ ಬೀಗ. ನಾನು ಪುಸ್ತಕದಲ್ಲಿ ಆರು ಗುಂಡು ಎಣಿಸಿ ಬರೆದು ಸಹಿ ಹಾಕಬೇಕು. ಹಾಜರಿ ಬರೆಯೋ ರೈಟರಿಗೆ ಇದೂ ಒಂದು ಹಾಜರಿ!

ಎರಡು ಗುಂಡು

ಸಾಹೇಬರು ತೀರಿಕೊಂಡು ಬಹಳ ವರ್ಷವಾಯಿತು. ರಿವಾಲ್ವರನ್ನು ಠಾಣೆಗೆ ಒಪ್ಪಿಸಿದರು. ತೋಟದ ಬಟವಾಡೆ ಈಗ ಬ್ಯಾಂಕ್ ಖಾತೆಗೇ ಹೋಗುತ್ತೆ. ದುಡ್ಡಿನ ಚೀಲವೂ ಇಲ್ಲ, ಕಾವಲೂ ಇಲ್ಲ.

ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸೋ ಪದ್ಧತಿ. ಅವತ್ತು ಅಂಗಳದಲ್ಲಿ ಕೋವಿ ಹಿಡಿದವನು ಆ ಮೊಮ್ಮಗ. ಮೀಸೆ ಬಂದ ಯುವಕ. ಕೋವಿಯನ್ನು ತೆರೆದು ನೋಡಿದ, ಜನರನ್ನೆಲ್ಲ ಹಿಂದೆ ನಿಲ್ಲಿಸಿದ, ನಳಿಗೆ ಆಕಾಶಕ್ಕೆ ಮಾಡಿದ. ಎರಡು ಸಲ ಸದ್ದಾಯಿತು. ನನ್ನ ಕೈ ತಾನಾಗೇ ಎದೆಯ ಮೇಲೆ ಹೋಯಿತು. ಅವನು ನನ್ನನ್ನು ನೋಡಿದ. ನೆನಪಿದೆ ಅಂತ ಕಣ್ಣಲ್ಲೇ ಗೊತ್ತಾಯಿತು.

ತಮ್ಮಂದಿರೇ, ಬಸ್ಸು ಬರೋದರೊಳಗೆ ಎರಡೇ ಮಾತು. ಈಗ 2016ರ ಆಯುಧ ನಿಯಮ ಬಂದಿದೆ. ಲೈಸೆನ್ಸ್ ಇದ್ದವನೂ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲನ್ನು ಒರೆಯಲ್ಲೇ ಇಟ್ಟುಕೊಳ್ಳಬೇಕು, ಝಳಪಿಸೋ ಹಾಗಿಲ್ಲ. 2019ರ ತಿದ್ದುಪಡಿಯ ಮೇಲೆ ಸಂಭ್ರಮಕ್ಕೆ ಅಂತ ಜನರಿಗೆ ಅಪಾಯವಾಗೋ ಹಾಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇದು ಕಾನೂನಿನ ಮಾತು.

ನನ್ನ ಮಾತು ಇಷ್ಟೇ. ಹೀರೋ ಕೋಟಿನೊಳಗೆ ಕೈ ಹಾಕಿದಾಗ ವಿಸಿಲ್ ಹೊಡೀರಿ, ನಾನೂ ಇವತ್ತಿಗೂ ಹೊಡೀತೀನಿ. ಅವನ ಪಿಸ್ತೂಲು ಹಗುರ, ಕಟ್ ಅಂದ ಕೂಡಲೇ ಯಾರೋ ಬಂದು ಇಸಕೊಂಡು ಪೆಟ್ಟಿಗೆಗೆ ಹಾಕ್ತಾರೆ. ನಿಜವಾದದ್ದಕ್ಕೆ ಕಟ್ ಹೇಳೋರು ಯಾರೂ ಇಲ್ಲ. ಅವತ್ತು ಜಗಲಿಯಲ್ಲಿ ಒಬ್ಬ ಅಜ್ಜಿ ಇದ್ದರು, ನಾನು ಉಳಿದೆ.